ಖಾಲಿ ಎಂದವರು ಯಾರು?

ದೆವ್ವ, ಗಾಳಿ, ಸೋಂಕು ಎಂಬ ಮಾತು ಕಿವಿಗೆ ಬಿದ್ದರೆ ನನಗೆ ಹೆದರಿಕೆಯಲ್ಲ, ಸಿಟ್ಟು ಬರುತ್ತಿತ್ತು. ನಮ್ಮೂರಲ್ಲಿ ಯಾರಿಗಾದರೂ ಜ್ವರ ಬಂದರೆ ಮೊದಲು ನಿಂಬೆಹಣ್ಣು ಇಳಿಸಿ ಎಸೆಯುತ್ತಿದ್ದರು, ಆಮೇಲೆ ಗುಳಿಗೆಗೆ ಓಡುತ್ತಿದ್ದರು. "ಮದಲ ಗುಳಿಗಿ ಕೊಡ್ರಿ, ನಿಂಬಿಹಣ್ಣ ಉಳದ್ರ ಶರಬತ್ತ ಮಾಡ್ರಿ" ಎಂದು ಚಿಕ್ಕವಳಿದ್ದಾಗಲೇ ಹೇಳಿ ಅಜ್ಜಿಯಿಂದ ಬೈಸಿಕೊಂಡವಳು ನಾನು. ನನ್ನ ಬಾಯಿ ಸ್ವಲ್ಪ ಜೋರು. ಓದುವವರಿಗೆ ಮೊದಲೇ ಗೊತ್ತಿರಲಿ ಎಂದು ಹೇಳಿಬಿಡುತ್ತೇನೆ.

ಇನ್ನೊಂದು ಮಾತನ್ನೂ ನಾನು ನಂಬುತ್ತಿರಲಿಲ್ಲ. ಬರೀ ನಂಬರ್ ಒಂದಿದ್ದರೆ ಸಾಕು, ಆ ಮೊಬೈಲ್ ಈಗ ಎಲ್ಲಿದೆ ಎಂದು ಮನೆಯಲ್ಲಿ ಕೂತೇ ಕಂಡುಹಿಡಿಯಬಹುದು ಎನ್ನುವುದನ್ನು. ನನ್ನ ಹತ್ತಿರ ಊಟದ ಡಬ್ಬಿ ಒಯ್ಯಲು ಬರುವವರು ಅದರ ಬಗ್ಗೆ ವಾದಕ್ಕೆ ಕೂತರೆ, "ನಂಬರಿಗೇನು ಬಾಲ ಅದನೋ, ಹಿಡದ ಎಳೀಲಿಕ್ಕೆ" ಎಂದು ನಗುತ್ತಿದ್ದೆ. ಈ ಎರಡು ಅಪನಂಬಿಕೆಗಳೂ ಕೆಲವು ವರ್ಷಗಳ ಹಿಂದೆ ಒಂದೇ ದಿನ ಅಲುಗಿದವು. ಬಿದ್ದುಹೋದವು ಎನ್ನಲಾರೆ. ಅಲುಗಿದವು, ಇವತ್ತಿಗೂ ಅಲುಗಾಡುತ್ತಿವೆ.

ನಾವು ವಿಜಯಪುರದ ಕಡೆಯವರು. ಮದುವೆಯಾಗಿ ಪುಣೆಗೆ ಬಂದವಳು ಇಲ್ಲೇ ಬೇರು ಬಿಟ್ಟೆ. ಬಿಬವೇವಾಡಿಯ ಒಂದು ಹಳೆಯ ಸೊಸೈಟಿಯಲ್ಲಿ, ಮೂರನೆಯ ಮಹಡಿಯಲ್ಲಿ ನಮ್ಮ ಮನೆ. ಅಲ್ಲೇ ಜೋಳದ ರೊಟ್ಟಿ ಬಡಿದು, ಪಲ್ಯ ಕಟ್ಟಿ, ಡಬ್ಬಿ ಕೊಡುತ್ತೇನೆ. ನಮ್ಮ ಯಜಮಾನರು ಖಡಕಿಯ ಕಾರ್ಖಾನೆಯಲ್ಲಿದ್ದಾರೆ. ಅಲ್ಲಿ ಒಳಗೆ ಫೋನ್ ಒಯ್ಯುವಂತಿಲ್ಲ, ಗೇಟಿನಲ್ಲೇ ಇಟ್ಟುಹೋಗಬೇಕು. ಹೀಗಾಗಿ ಬೆಳಗಿನಿಂದ ಸಂಜೆಯವರೆಗೆ ಮನೆಯಲ್ಲಿ ಬೆಂಕಿ ಬಿದ್ದರೂ ಅವರಿಗೆ ಗೊತ್ತಾಗುವುದಿಲ್ಲ. ಆ ದಿನವೂ ಹಾಗೇ ಆಯಿತು.

ಮಲ್ಲು ನನ್ನ ಕಡೆಯ ತಮ್ಮ. ಅವನಿಗೆ ಬುದ್ಧಿ ಬರುವ ಮೊದಲೇ ಅವ್ವ ಹೋದಳು. ಅವನನ್ನು ಬಗಲಲ್ಲಿ ಎತ್ತಿಕೊಂಡೇ ನಾನು ಸಾಲಿಗೆ ಹೋದವಳು, ಆದ್ದರಿಂದ ತಮ್ಮ ಅನ್ನುವುದಕ್ಕಿಂತ ಹಿರಿಮಗ ಅನ್ನುವುದೇ ಸರಿ. ಫರಶಿ, ಅಂದರೆ ನೆಲದ ಟೈಲ್ಸು ಕೂಡಿಸುವ ಕೆಲಸದಲ್ಲಿ ಅವನ ಕೈ ಚೊಕ್ಕ. ಊರಲ್ಲಿ ಕೆಲಸವಿಲ್ಲ ಎಂದು ನಾನೇ ಕರೆಸಿಕೊಂಡಿದ್ದೆ. ಕಾತ್ರಜದ ಆಚೆ ಏಳುತ್ತಿದ್ದ ಒಂದು ದೊಡ್ಡ ಕಟ್ಟಡದಲ್ಲಿ ಕೆಲಸ ಸಿಕ್ಕಿತ್ತು. ಬಂದು ಕೆಲವೇ ತಿಂಗಳಾಗಿದ್ದವು, ಮರಾಠಿ ಒಂದಕ್ಷರ ಹತ್ತಿರಲಿಲ್ಲ. ಯಾರು ಏನು ಹೇಳಿದರೂ "ಹೋ, ಹೋ" ಎಂದು ತಲೆಯಾಡಿಸಿ ಮನೆಗೆ ಬಂದು "ಅಂವ ಏನಂದ ಅಕ್ಕಾ?" ಎಂದು ನನ್ನನ್ನು ಕೇಳುತ್ತಿದ್ದ.

ಆ ವರ್ಷ ಅವನಿಗೆ ಹೆಣ್ಣು ನೋಡುತ್ತಿದ್ದೆವು. ಅಂದಿನಿಂದ ನಾನು ಅವನನ್ನು ಹೆಸರು ಹಿಡಿದು ಕರೆಯುವುದನ್ನೇ ಬಿಟ್ಟಿದ್ದೆ. "ಏ ವರಾ, ಏಳೋ", "ವರಾ, ರೊಟ್ಟಿ ಆರತಾವ ಬಾ" ಎಂದು ಕಾಡುತ್ತಿದ್ದೆ. ಅವನಿಗೆ ನಾಚಿಕೆ, ನನಗೆ ಮಜಾ. ಅವನ ಹತ್ತಿರ ಇದ್ದದ್ದು ಗುಂಡಿ ಒತ್ತುವ ಸಣ್ಣ ಫೋನು. ಸಿಮೆಂಟಿನ ಕೈಗೆ ದೊಡ್ಡ ಫೋನು ಬಾಳುವುದಿಲ್ಲ ಎನ್ನುತ್ತಿದ್ದ. ಸಿಮ್ಮು ಊರಲ್ಲಿ ತೆಗೆದದ್ದು. ಅವನ ಫೋನು ಬಂದ್ ಇದ್ದರೆ ಕಂಪನಿಯ ಹೆಣ್ಣುದನಿ ಕನ್ನಡದಲ್ಲೇ ಹೇಳುತ್ತಿತ್ತು. ಪುಣೆಯಲ್ಲಿ ನಿಂತು ಆ ಕನ್ನಡ ಕೇಳಿದರೆ ನನಗೆ ಒಂಥರಾ ಖುಷಿ.

ಅವತ್ತು ಗುರುವಾರ. ಇಲ್ಲಿ ಆಗಾಗ ದುರಸ್ತಿಗೆಂದು ಗುರುವಾರ ನೀರು ಬಂದ್ ಮಾಡುತ್ತಾರೆ. ಅವತ್ತೂ ಬಂದ್ ಇತ್ತು. ನಾನು ಎದ್ದವಳೇ ಮಾಳಿಗೆಯ ಟಾಕಿಯಲ್ಲಿ ಉಳಿದಿದ್ದ ನೀರಿನಲ್ಲಿ ಕೊಡ, ಬಕೆಟ್ಟು, ಪಾತೇಲಿ ಎಲ್ಲ ತುಂಬಿಸಿಕೊಂಡು ಒಲೆಯ ಮುಂದೆ ಕೂತಿದ್ದೆ. ಮಲ್ಲು ರೊಟ್ಟಿ ತಿಂದು ಎದ್ದ. "ವರಾ, ಸಂಜಿಮುಂದ ಲಗೂನ ಬಾ, ಇಂಡಿ ಕಡಿಂದ ಹುಡಿಗಿ ಫೋಟೊ ಬರೂದದ" ಎಂದೆ. "ಹೂಂನಕ್ಕಾ" ಎಂದು ನಕ್ಕ. ಬಾಗಿಲು ಎಳೆದುಕೊಂಡ ಸದ್ದು ಕೇಳಿಸಿತು. ನಾನು ತಿರುಗಿ ನೋಡಲಿಲ್ಲ, ಹಂಚಿನ ಮೇಲೆ ರೊಟ್ಟಿ ಇತ್ತು.

ಡಬ್ಬಿಗಳೆಲ್ಲ ಹೋದ ಮೇಲೆ, ಬಿಸಿಲು ಏರಿದ ಹೊತ್ತಿಗೆ, ಕಾತ್ರಜದ ಕೆಲಸದ ಮುಕಾದಮನ ಫೋನ್ ಬಂತು. ಅವನು ಯಾದಗಿರಿಯವನು, ಮಲ್ಲುವನ್ನು ಕೆಲಸಕ್ಕೆ ಸೇರಿಸಿಕೊಂಡವನು. "ಅಕ್ಕಾರ, ಮಲ್ಲುಗ ಆರಾಮಿಲ್ಲೇನ್ರಿ? ಇವತ್ತ ಬಂದೇ ಇಲ್ಲ. ಫೋನ್ ಹತ್ತವಲ್ದು" ಎಂದ. ನಾನು ಮಲ್ಲುವಿಗೆ ಫೋನ್ ಹಚ್ಚಿದೆ. ನೀವು ಕರೆ ಮಾಡುತ್ತಿರುವ ಚಂದಾದಾರರು ಸ್ವಿಚ್ ಆಫ್ ಮಾಡಿದ್ದಾರೆ ಎಂದು ಅದೇ ಕನ್ನಡದ ದನಿ ಹೇಳಿತು. ಮತ್ತೆ ಹಚ್ಚಿದೆ, ಮತ್ತೆ ಅದೇ. ಅವತ್ತು ಆ ಕನ್ನಡ ಕೇಳಿ ಖುಷಿಯಾಗಲಿಲ್ಲ.

ಕಟ್ಟಡದ ಕೆಲಸಕ್ಕೆ ಗಂಡಸರನ್ನು ಕಳಿಸುವ ಮನೆಗಳಲ್ಲಿ ಫೋನ್ ಬಂದ್ ಆಯಿತೆಂದರೆ ಒಳ್ಳೆಯ ಯೋಚನೆ ಬರುವುದಿಲ್ಲ. ರಸ್ತೆ, ಲಾರಿ, ಬಸ್ಸು ಎಲ್ಲ ಕಣ್ಣ ಮುಂದೆ ಬಂದವು. ಯಜಮಾನರ ಫೋನು ಗೇಟಿನಲ್ಲಿ ಸುಮ್ಮನೆ ರಿಂಗಾಗುತ್ತಿತ್ತು. ಕೈಗೆ ಹತ್ತಿದ ಹಿಟ್ಟು ತೊಳೆಯದೆ ಕೆಳಗಿಳಿದು, ಗಲ್ಲಿಯ ತುದಿಯ ಮೊಬೈಲ್ ಅಂಗಡಿಗೆ ಹೋದೆ. ಯಾವ ಮಾತಿಗೆ ನಾನು ನಗುತ್ತಿದ್ದೆನೋ ಅದನ್ನೇ ಬೇಡಿಕೊಂಡು ನಿಂತೆ. ಈ ನಂಬರು ಎಲ್ಲಿದೆ, ನೋಡಿಕೊಡಿ ಎಂದೆ.

ಅಂಗಡಿಯವನು ಒಳ್ಳೆಯವನು. ಕಂಪ್ಯೂಟರಿನಲ್ಲಿ ನಂಬರು ಹಾಕಿದ. ಏನೇನೋ ಚಕ್ರ ತಿರುಗಿ, ನಕಾಶೆ ಬಂದು, ಅದರ ಮೇಲೆ ಒಂದು ಕೆಂಪು ಚುಕ್ಕೆ ಬಂತು. ಚುಕ್ಕೆ ಕರ್ನಾಟಕದ ನಡುಮಧ್ಯೆ ಕೂತಿತ್ತು. ಹೇಳದೆ ಕೇಳದೆ ಊರಿಗೆ ಹೋದನೇ? ಯಾಕೆ? ಅಂಗಡಿಯವನು ತಲೆಯಾಡಿಸಿದ. ಸಿಮ್ಮು ಯಾವ ರಾಜ್ಯದ್ದು ಎನ್ನುವುದನ್ನಷ್ಟೇ ಇದು ತೋರಿಸುತ್ತದೆ ವಹಿನಿ, ಮನುಷ್ಯನನ್ನಲ್ಲ, ಇಂಥವೆಲ್ಲ ಸುಳ್ಳು, ಪೊಲೀಸ್ ಚೌಕಿಗೆ ಹೋಗಿ ಎಂದು ಮರಾಠಿಯಲ್ಲಿ ಹೇಳಿದ.

ಚೌಕಿಯ ಹವಾಲ್ದಾರರು ಪರಿಚಯದವರು, ನನ್ನ ರೊಟ್ಟಿ ತಿಂದವರು. ಅಷ್ಟು ಬೇಗ ಯಾರೂ ನೋಡುವುದಿಲ್ಲ ತಾಯಿ ಎನ್ನುತ್ತಲೇ ಎಲ್ಲಿಗೋ ಫೋನ್ ಮಾಡಿ, ನಂಬರು ಹೇಳಿ, ನನಗೆ ನೀರು ಕೊಟ್ಟು ಕೂರಿಸಿದರು. ಬಹಳ ಹೊತ್ತಿನ ಮೇಲೆ ಆ ಕಡೆಯಿಂದ ಉತ್ತರ ಬಂತು. ಕೇಳಿಸಿಕೊಂಡು ನನ್ನ ಕಡೆ ನೋಡಿ, "ತುಮಚ್ಯಾ ಘರಾಜವಳಚ ಆಹೆ" ಎಂದರು. ನಿಮ್ಮ ಮನೆ ಹತ್ತಿರವೇ ಇದೆ ಎಂದು. ಕೊನೆಗೆ ಆ ಫೋನು ಹಿಡಿದದ್ದು ಬಿಬವೇವಾಡಿಯ, ನಮ್ಮ ಗಲ್ಲಿಗೆ ಸಿಗ್ನಲ್ ಕೊಡುವ ಟವರನ್ನೇ. ಬೆಳಿಗ್ಗೆ ಬಂದ್ ಆಗಿದೆ, ಆಮೇಲೆ ಸುದ್ದಿಯಿಲ್ಲ. ನನಗೆ ಅಳುವಿನ ಜೊತೆ ಸಿಟ್ಟೂ ಬಂತು. ಬೆಳಿಗ್ಗೆ ಮನೆಯಲ್ಲೇ ರೊಟ್ಟಿ ತಿಂದವನು ಬೆಳಿಗ್ಗೆ ಮನೆ ಹತ್ತಿರ ಇದ್ದ ಎಂದು ಹೇಳಲು ಟವರು ಬೇಕೇ?

ಚೌಕಿಯ ಹೊರಗೆ ಒಂದು ಬೇವಿನ ಮರ. ಅದರ ಕೆಳಗೆ ನಿಂತು ಇನ್ನೊಮ್ಮೆ ಹಚ್ಚಿದೆ. ಸುತ್ತ ರಿಕ್ಷಾಗಳ ಸದ್ದು, ತರಕಾರಿ ಗಾಡಿಯವರ ಕೂಗು, ಮೇಲೆ ಸುಡುವ ಬಿಸಿಲು. ಭೂತ ಬರುವ ಹೊತ್ತೂ ಅಲ್ಲ, ಜಾಗವೂ ಅಲ್ಲ. ಫೋನು ರಿಂಗಾಗಲಿಲ್ಲ. ಸ್ವಿಚ್ ಆಫ್ ಎಂದೂ ಹೇಳಲಿಲ್ಲ. ಸುಮ್ಮನೆ ತೆರೆದುಕೊಂಡಿತು. ಬಾಗಿಲು ಬಡಿಯುವ ಮೊದಲೇ ಯಾರೋ ತೆಗೆದ ಹಾಗೆ.

"ಮಲ್ಲು?" ಎಂದೆ. ಆ ಕಡೆ ಸದ್ದಿಲ್ಲ. ಸದ್ದಿಲ್ಲ ಎಂದರೂ ತಪ್ಪು, ಎಲ್ಲೋ ಒಂದು ಹನಿ ಬಿದ್ದಂತೆ ಕೇಳಿಸಿತು. "ಎಲ್ಲಿದ್ದೀಯೋ? ಮಾತಾಡೋ" ಎಂದು ಕೂಗಿದೆ. ಆಗ ಬಂತು ಆ ಮಾತು. ಪಿಸುದನಿ, ಹಂಡೆಯೊಳಗೆ ಮುಖ ಇಟ್ಟು ಮಾತಾಡಿದ ಹಾಗೆ. "ಖಾಲಿ" ಎಂದಿತು. ಗಂಡೋ ಹೆಣ್ಣೋ ತಿಳಿಯದಷ್ಟು ಸಣ್ಣ ದನಿ. "ಏನ ಖಾಲಿ? ಬ್ಯಾಟರಿ ಖಾಲಿಯೇನೋ?" ಎಂದೆ. "ಖಾಲಿ" ಎಂದು ಇನ್ನೊಮ್ಮೆ, ಈ ಸಲ ತುಸು ಆತುರದಿಂದ. ಅಷ್ಟೇ. ಫೋನ್ ಹೋಯಿತು. ಮತ್ತೆ ಹಚ್ಚಿದರೆ ಚಂದಾದಾರರು ಸ್ವಿಚ್ ಆಫ್ ಮಾಡಿದ್ದಾರೆ.

ನಾನು ಒಂದು ಕ್ಷಣವೂ ಅನುಮಾನಪಡಲಿಲ್ಲ. ಮಲ್ಲುವಿನ ಫೋನು, ಆದ್ದರಿಂದ ಮಲ್ಲುವಿನ ದನಿ. ಗಂಟಲು ಒಣಗಿದೆ, ಎಲ್ಲೋ ಸಿಕ್ಕಿಬಿದ್ದಿದ್ದಾನೆ ಎಂದುಕೊಂಡೆ. ಖಾಲಿ ಎಂದರೇನು? ಅದಕ್ಕೂ ನನಗೆ ಉತ್ತರ ಹೊಳೆಯಿತು. ಕಾತ್ರಜದ ಕಟ್ಟಡದ ಬಗ್ಗೆ ಅವನು ಸಂಜೆ ಕೂತು ಹೇಳುತ್ತಿದ್ದ: "ಎಲ್ಲಾ ಖಾಲಿ ಮನಿ ಅಕ್ಕಾ. ಒಬ್ಬನ ಫರಶಿ ಕೂಡಸಾಕತ್ತಿದ್ರ ನನ್ನ ಕೆಮ್ಮ ನನಗ ಹೊಳ್ಳಿ ಕೇಳಸ್ತದ." ಹೌದು, ಖಾಲಿ ಮನೆಯಲ್ಲಿದ್ದಾನೆ. ಯಾರ ಕಣ್ಣಿಗೂ ಬೀಳದೆ ಒಳಗೆ ಹೋಗಿದ್ದಾನೆ, ಅಲ್ಲೇ ಏನೋ ಆಗಿದೆ. ರಿಕ್ಷಾ ಹಿಡಿದು ಕಾತ್ರಜಕ್ಕೆ ಹೊರಟೆ.

ಕಟ್ಟಡದ ಗೇಟಿನಲ್ಲೇ ಮುಕಾದಮ ನನ್ನ ಮಾತು ಕೇಳಿ ಮುಖ ಸಣ್ಣದು ಮಾಡಿದ. "ಅಂವ ಒಳಗ ಬಂದಿದ್ರ ಗೇಟಿನ್ಯಾಗ ಗೊತ್ತಾಗ್ತಿತ್ತರಿ ಅಕ್ಕಾರ. ಆದ್ರೂ ನೋಡೂಣ ಬರ್ರಿ" ಎಂದ. ಮೆಟ್ಟಿಲಿಗೆ ಕಟಾಂಜನವಿಲ್ಲ, ಮನೆಗಳಿಗೆ ಬಾಗಿಲಿಲ್ಲ. ಒಂದೊಂದು ಮನೆಯೊಳಗೂ ಹೋಗಿ ಮಲ್ಲು ಎಂದು ಕೂಗುವುದು, ನನ್ನ ಕೂಗೇ ಅಡುಗೆಮನೆಯಿಂದ, ಬಚ್ಚಲಿನಿಂದ ತಿರುಗಿ ಬರುವುದು. ಪ್ರತಿ ಕೋಣೆಯಲ್ಲೂ ಮೊದಲು ಮುಕಾದಮನೇ ತಲೆ ಹಾಕಲಿ ಎಂದು ನಾನು ಹೊಸ್ತಿಲ ಈಚೆ ನಿಲ್ಲುತ್ತಿದ್ದೆ. ಅವನು "ಇಲ್ಲರಿ" ಎನ್ನುವವರೆಗೆ ನನ್ನ ಉಸಿರು ನನ್ನದಲ್ಲ. ಇಲ್ಲ ಎಂದರೆ ಒಂದು ಸಮಾಧಾನ, ಮರುಗಳಿಗೆ ಅದೇ ಒಂದು ಸಂಕಟ. ಲಿಫ್ಟಿಗೆಂದು ಬಿಟ್ಟ ಆಳದ ಗುಂಡಿಯಲ್ಲೂ ಟಾರ್ಚು ಬಿಟ್ಟು ನೋಡಿದೆವು. ಮರಳು, ಸಿಮೆಂಟ್ ಚೀಲ, ಪಾರಿವಾಳ ಬಿಟ್ಟರೆ ಏನೂ ಇರಲಿಲ್ಲ.

ಮೇಲಿನ ಮಹಡಿಯ ಒಂದು ಮನೆಯಲ್ಲಿ ಮಲ್ಲು ಅರ್ಧ ಕೂಡಿಸಿದ ಫರಶಿ ಇತ್ತು. ಹಿಂದಿನ ದಿನ ಎಲ್ಲಿಗೆ ಬಿಟ್ಟಿದ್ದನೋ ಅಲ್ಲಿಗೇ ನಿಂತಿತ್ತು. ಅದರ ಪಕ್ಕ ಅವನ ದಾರ, ರಬ್ಬರ್ ಸುತ್ತಿಗೆ. ಅದನ್ನು ನೋಡಿ ಅಲ್ಲೇ ಕುಕ್ಕರಿಸಿ ಅತ್ತೆ. ಮುಕಾದಮ ನನ್ನನ್ನು ಎಬ್ಬಿಸಿ ರಿಕ್ಷಾ ಹತ್ತಿಸಿದ. ಬಸ್ ನಿಲ್ಲುವ ಕಡೆಗಳಲ್ಲೆಲ್ಲ ಕೇಳುತ್ತೇನೆ, ನೀವು ಮನೆಯಲ್ಲಿರಿ, ಅವನು ಬಂದರೂ ಬಂದಾನು ಎಂದ.

ಮನೆ ಮುಟ್ಟುವಾಗ ಸೂರ್ಯ ಮುಳುಗುತ್ತಿದ್ದ. ಸೊಸೈಟಿಯ ಗೇಟಿನ ಮುಂದೆ ನೀರಿನ ಟ್ಯಾಂಕರು ತಿರುಗಲು ಹಿಂದುಮುಂದು ಮಾಡುತ್ತಿತ್ತು. ನೀರು ಬಂದ್ ಆದ ದಿನ ಸಂಜೆಗೆ ಟ್ಯಾಂಕರು ತರಿಸುವುದು ನಮ್ಮಲ್ಲಿ ಇದ್ದದ್ದೇ. ನಾನು ಅದರ ಪಕ್ಕ ಸರಿದು ಮೇಲೆ ಹತ್ತಿದೆ. ಬಾಗಿಲ ಹತ್ತಿರ ಬಂದಾಗ ಕಾಲಿಗೆ ಏನೋ ಎಡವಿತು. ನೋಡಿದರೆ ಮಲ್ಲುವಿನ ಚಪ್ಪಲಿ.

ಮೊದಲು ಬಂದದ್ದು ಸಂತೋಷ. ಬಂದಿದ್ದಾನೆ ಎಂದು ಬೀಗಕ್ಕೆ ಕೈ ಹಾಕಿದೆ. ಬೀಗ ನಾನೇ ಹಾಕಿದ್ದು ಹಾಗೇ ಇತ್ತು. ಅಂದರೆ ಚಪ್ಪಲಿ ಬೆಳಗಿನಿಂದ ಅಲ್ಲೇ ಇತ್ತು, ಬಾಗಿಲ ಹೊರಗಿಟ್ಟಿದ್ದ ಹಿಟ್ಟಿನ ಚೀಲದ ಮರೆಯಲ್ಲಿ ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಮಲ್ಲುವಿಗೆ ಇದ್ದದ್ದು ಅದೊಂದೇ ಜೊತೆ. ಮನುಷ್ಯ ಚಪ್ಪಲಿ ಬಿಟ್ಟು ಎಲ್ಲಿಗೆ ಹೋಗುತ್ತಾನೆ? ಗುಡಿಯೊಳಗೆ, ಮನೆಯೊಳಗೆ. ಮತ್ತೆ ಬಾವಿಗೆ. ನಮ್ಮ ಕಡೆ ಬಾವಿಗೆ ಹಾರುವವರು ದಂಡೆಯ ಮೇಲೆ ಚಪ್ಪಲಿ ಬಿಟ್ಟು ಹಾರುತ್ತಾರೆ. ಚಪ್ಪಲಿ ನೋಡಿಯೇ ಊರಿಗೆ ಗೊತ್ತಾಗುತ್ತದೆ. ಬೀಗದ ಕೈ ಕೆಳಗೆ ಬಿತ್ತು.

ಸದ್ದಿಗೆ ಎದುರುಮನೆಯ ಕಾಕೂ ಹೊರಗೆ ಬಂದರು. ವಯಸ್ಸಾದ ಮರಾಠಿ ಹೆಂಗಸು, ಹುಟ್ಟಿದ್ದೂ ಬೆಳೆದದ್ದೂ ಪುಣೆಯಲ್ಲೇ. ನಾನು ಅಳುತ್ತಾ ಬೆಳಗಿನಿಂದ ಆದದ್ದನ್ನೆಲ್ಲ ಮರಾಠಿಯಲ್ಲಿ ಹೇಳಿದೆ. ಫೋನು ಎತ್ತಿದ, ಎಲ್ಲಿದ್ದೀಯ ಎಂದರೆ "ಖಾಲಿ" ಅಂದ, ಎರಡು ಸಲ ಅಂದ, ಎಲ್ಲ ಖಾಲಿ ಮನೆ ಹುಡುಕಿ ಬಂದೆ ಎಂದೆ. ಕಾಕೂ ನನ್ನ ಮುಖವನ್ನೇ ನೋಡಿದರು. "ಅಗ, ಖಾಲಿ ಮ್ಹಣಾಲಾ ನಾ?" ಎಂದು ಬೆರಳನ್ನು ನೆಲದ ಕಡೆ ತೋರಿಸಿ, "ಮಗ ಖಾಲೀ ಬಘಿತಲಂಸ ಕಾ?" ಎಂದರು. ಖಾಲಿ ಅಂದನಲ್ಲ, ಹಾಗಾದರೆ ಕೆಳಗೆ ನೋಡಿದೆಯಾ, ಎಂದು.

ಮರಾಠಿಯಲ್ಲಿ ಖಾಲಿ ಎಂದರೆ ಕೆಳಗೆ. ಅದು ನನಗೆ ಗೊತ್ತಿಲ್ಲದ ಮಾತೇ? ಗ್ಯಾಸಿನವನಿಗೆ "ಖಾಲಿ ಠೇವ", ಕೆಳಗೆ ಇಡು ಎಂದು ನಾನೇ ಹೇಳುತ್ತೇನೆ. ತರಕಾರಿಯವನನ್ನು ಖಾಲಿ ನಿಲ್ಲಿಸಿ ಮೇಲಿನಿಂದ ಬುಟ್ಟಿ ಬಿಡುತ್ತೇನೆ. ಆದರೆ ಮಲ್ಲುವಿನ ಫೋನಿನಿಂದ ಬಂದ ಮಾತು ಕನ್ನಡವೇ ಇರಬೇಕೆಂದು ನನ್ನ ಕಿವಿ ತೀರ್ಮಾನ ಮಾಡಿಬಿಟ್ಟಿತ್ತು. ಅವನಿಗೆ ಮರಾಠಿ ಬರುವುದಿಲ್ಲವಲ್ಲ. ನಾನು ಕಾಕೂಗೆ ಅದನ್ನೇ ಹೇಳಲು ಬಾಯಿ ತೆರೆದೆ. ಆಗ, ಕೆಳಗೆ ಟ್ಯಾಂಕರಿನ ಮೋಟಾರು ಆಗಲೇ ಬಹಳ ಹೊತ್ತಿನಿಂದ ಓಡುತ್ತಿರುವುದು ಕಿವಿಗೆ ಬಿತ್ತು.

ನಮ್ಮ ಕಟ್ಟಡದ ಕೆಳಗೆ, ಗಾಡಿ ನಿಲ್ಲಿಸುವ ಜಾಗದಲ್ಲಿ ನೆಲದೊಳಗೆ ನೀರಿನ ಟಾಕಿ ಇದೆ. ಅವತ್ತು ಆ ಟಾಕಿಯೂ ಖಾಲಿ. ಕುಡಿಯುವ ನೀರಿನ ಟಾಕಿ. ಅದರೊಳಗೆ ಇಳಿಯುವವನು ಚಪ್ಪಲಿ ಮನೆಯಲ್ಲೇ ಬಿಟ್ಟು ಹೋಗುತ್ತಾನೆ. ಹೇಗೆ ಇಳಿದೆನೋ ಗೊತ್ತಿಲ್ಲ, ಮೆಟ್ಟಿಲು ಕಾಲಿಗೆ ಸಿಕ್ಕಿತೋ ಇಲ್ಲವೋ. "ಬಂದ ಕರಾ, ಬಂದ ಕರಾ", ನಿಲ್ಲಿಸಿ ನಿಲ್ಲಿಸಿ ಎಂದು ಕಿರುಚುತ್ತಾ ಹೋದೆ. ಟ್ಯಾಂಕರಿನವನು ಮುಚ್ಚಳ ತೆಗೆಯದೆ ಪಕ್ಕದ ತೂತಿಗೆ ಪೈಪು ಇಟ್ಟು, ಆಚೆ ನಿಂತು ತಂಬಾಕು ತಿಕ್ಕುತ್ತಿದ್ದ. ನನ್ನ ಅವತಾರ ನೋಡಿಯೇ ಮೋಟಾರು ನಿಲ್ಲಿಸಿದ.

ಕೂಗಿಗೆ ಓಡಿಬಂದ ಇಬ್ಬರು ಸೇರಿ ಕಬ್ಬಿಣದ ಮುಚ್ಚಳ ಎತ್ತಿದರು. ಮೊಬೈಲಿನ ಬೆಳಕು ಬಿಟ್ಟರು. ನಾನು ಬಗ್ಗಿ ನೋಡಲಾರದೆ ಕಣ್ಣು ಮುಚ್ಚಿಕೊಂಡಿದ್ದೆ. ಯಾರೋ "ಆಹೇ, ಆಹೇ, ಜಿವಂತ ಆಹೇ" ಎಂದರು. ಇದ್ದಾನೆ, ಜೀವಂತ ಇದ್ದಾನೆ ಎಂದು. ಮಲ್ಲು ಗೋಡೆಗೆ ಒರಗಿ ಕೂತಿದ್ದ. ತಲೆಯ ಒಂದು ಕಡೆ ರಕ್ತ ಹೆಪ್ಪುಗಟ್ಟಿತ್ತು, ಒಂದು ಕಾಲು ತಿರುಚಿಕೊಂಡಿತ್ತು, ನೀರು ಸೊಂಟದ ಮೇಲೆ ಬಂದಿತ್ತು. ಮುಖ ಮಾತ್ರ ಮೇಲಕ್ಕೆತ್ತಿದ್ದ, ನೇರ ಮುಚ್ಚಳದ ಕಡೆಗೆ. ನಾವು ತೆಗೆಯುವುದನ್ನು ಮೊದಲೇ ಬಲ್ಲವನಂತೆ.

ಏಣಿ ಇಳಿಸಿ, ಹಗ್ಗ ಕಟ್ಟಿ ಎತ್ತಿದರು. ಆಸ್ಪತ್ರೆ, ಕಾಲಿಗೆ ರಾಡು, ತಲೆಗೆ ಹೊಲಿಗೆ ಎಲ್ಲ ಆಯಿತು. ಆ ಕಥೆ ಬೇಡ. ಮಾತಾಡುವಂತಾದ ಮೇಲೆ ಅವನು ಹೇಳಿದ್ದನ್ನು ಹೇಳುತ್ತೇನೆ. ಟಾಕಿಯೊಳಗಿನ ಫರಶಿ ಬಿದ್ದಿವೆ, ನೀರು ಬಂದ್ ಇದ್ದ ದಿನ ನೋಡು ಎಂದು ಸೊಸೈಟಿಯ ಚೇರ್ಮನ್ನರು ಅವನಿಗೆ ಕೈಸನ್ನೆಯಲ್ಲಿ ಯಾವಾಗಲೋ ಹೇಳಿದ್ದರಂತೆ. ಕೆಲಸಕ್ಕೆ ಹೋಗುವ ಮುಂಚೆ ಒಂದು ಕಣ್ಣು ಹಾಯಿಸಿ ಬರೋಣ ಎಂದು ಬರಿಗಾಲಲ್ಲಿ ಇಳಿದುಹೋದ. ಮುಚ್ಚಳ ತೆಗೆದು ಬಗ್ಗಿದ. ಅಂಗಿಯ ಜೇಬಿನಿಂದ ಫೋನು ಜಾರಿ ಕೆಳಗೆ ಬಿತ್ತು. ಅದನ್ನು ತೆಗೆಯಲು ಅವಸರದಲ್ಲಿ ಇಳಿಯುವಾಗ ತುಕ್ಕು ಹಿಡಿದ ಕಬ್ಬಿಣದ ಮೆಟ್ಟಿಲು ಮುರಿಯಿತು. ಆಮೇಲೆ ನೆಲಮಹಡಿಯ ಹೆಂಗಸೊಬ್ಬಳು ಮುಚ್ಚಳ ತೆರೆದದ್ದು ನೋಡಿ, ಮಕ್ಕಳು ಬಿದ್ದಾವು ಎಂದು ಒಳಗೆ ಇಣುಕದೆ ಮುಚ್ಚಿಸಿದ್ದಾಳೆ. ಪಾಪ, ಆಕೆ ನನ್ನ ಕೈ ಹಿಡಿದು ಅತ್ತಳು.

ಮರುದಿನ ಟಾಕಿ ಬಸಿದಾಗ ಫೋನು ಸಿಕ್ಕಿತು. ಒಂದು ಮೂಲೆಯಲ್ಲಿ ಫೋನು, ಇನ್ನೊಂದು ಮೂಲೆಯಲ್ಲಿ ಬ್ಯಾಟರಿ, ಫೋನಿನ ಬೆನ್ನಿನ ಮುಚ್ಚಳ ಇನ್ನೆಲ್ಲೋ. "ಬಿದ್ದ ಕೂಡ್ಲೇ ಮೂರ ಭಾಗ ಆತಕ್ಕಾ, ಮ್ಯಾಲಿಂದನ ಕಂಡೆ. ಬ್ಯಾಟರಿ ಕೂಡಸೂನಂತನ ಇಳದದ್ದು" ಎಂದ ಮಲ್ಲು. ಹಾಗಾದರೆ ಮಧ್ಯಾಹ್ನ ನನ್ನ ಕರೆಯನ್ನು ಎತ್ತಿದ್ದು ಯಾವ ಫೋನು? ನಾನು ಅವನಿಗೆ ಫೋನಿನ ಮಾತು ಇನ್ನೂ ಹೇಳಿರಲಿಲ್ಲ, ಹೆದರಿಸಬಾರದೆಂದು. ಅವನ ಮೈಮೇಲಿನ ಚಾದರ ಸರಿಮಾಡುತ್ತಾ, "ಒಬ್ಬನ ಕತ್ತಲ್ಯಾಗ ಭಾಳ ಅಂಜಿಕಿ ಬಂತೇನೋ?" ಎಂದಷ್ಟೇ ಕೇಳಿದೆ.

"ಒಬ್ಬನ ಎಲ್ಲಿದ್ದೆ? ನೀ ಕರೀತಿದ್ದೆಲ್ಲಾ" ಎಂದ.

ಅವನು ಸಹಜವಾಗಿ ಹೇಳುತ್ತಾ ಹೋದ. ಎಚ್ಚರ ತಪ್ಪುವುದು, ಬರುವುದು ನಡೆದಿತ್ತಂತೆ. ಎಚ್ಚರವಾದಾಗಲೆಲ್ಲ ಹತ್ತಿರದಲ್ಲೇ ಒಂದು ಹೆಣ್ಣುದನಿ. "ನೀರ ಬೀಳೂದಕ್ಕ ಹತ್ತಿತಲ್ಲ, ಆವಾಗ ನಾ ಮಲಕೊಂಡ ಬಿಟ್ಟಿದ್ದೆ ಅಕ್ಕಾ. ಸಾಕಾಗಿತ್ತು. ನೀನ ಕಿವಿಯಾಗ ಬಂದು ಬಂದು ಎಬ್ಬಿಸಿದಿ. ವರ, ವರ ಅಂದಿ. ಇಂಥಾ ಹೊತ್ತಿನ್ಯಾಗೂ ಚ್ಯಾಷ್ಟಿ ಮಾಡ್ತಾಳಲಾ ನಮ್ಮಕ್ಕ ಅಂತ ಸಿಟ್ಟ ಬಂದು ಎದ್ದ ಕೂತೆ."

ಮಲ್ಲುವಿಗೆ ಮರಾಠಿ ಬರುವುದಿಲ್ಲ ಎಂದು ಹೇಳಿದ್ದೇನೆ. ನನಗೆ ಬರುತ್ತದೆ. ಖಾಲಿ ಎಂದರೆ ಕೆಳಗೆ. ವರ ಎಂದರೆ ಮೇಲೆ. ಏಳು, ಮೇಲೆ ನೋಡು, ಮೇಲೆ ಬಾ ಎನ್ನುವವರು ಮರಾಠಿಯಲ್ಲಿ "ವರ" ಎಂದೇ ಹೇಳುವುದು. ನನಗೆ ಕೆಳಗೆ ನೋಡು ಎಂದು ಹೇಳಿದ ಆ ದನಿ ಅವನಿಗೆ ಮೇಲೆ ನೋಡು ಎಂದು ಹೇಳಿತ್ತು. ಅಕ್ಕ ತಮ್ಮ ಇಬ್ಬರೂ ಅದನ್ನು ಕನ್ನಡ ಎಂದುಕೊಂಡಿದ್ದೆವು. ಆ ಆಸ್ಪತ್ರೆಯ ವಾರ್ಡಿನಲ್ಲಿ, ನಡು ಮಧ್ಯಾಹ್ನ, ಇಷ್ಟು ಜನರ ನಡುವೆ ಕೂತು ನಾನು ನಡುಗಿದೆ. ತಮ್ಮ ಬದುಕಿದ ಸಂತೋಷವಿತ್ತು, ನಿಜ. ಆದರೆ ಮುಚ್ಚಿದ ಟಾಕಿಯೊಳಗೆ ದಿನವಿಡೀ ಅವನ ಪಕ್ಕ ಯಾರಿದ್ದರು?

ಮಲ್ಲುವಿಗೆ ನಾನು ಇದನ್ನು ಹೇಳಲಿಲ್ಲ. ಹೂಂ, ನಾನೇ ಕರೆದದ್ದು ಎಂದುಬಿಟ್ಟೆ. ಅವನು ಇವತ್ತಿಗೂ ಹಾಗೇ ತಿಳಿದಿದ್ದಾನೆ. ಆಮೇಲೆ ಅವನಿಗೆ ಮದುವೆಯಾಯಿತು, ಒಂದು ಕಾಲು ತುಸು ಎಳೆದು ನಡೆಯುತ್ತಾನೆ, ಚೆನ್ನಾಗಿದ್ದಾನೆ. ಬಗಲಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದಳು ನಮ್ಮಕ್ಕ ಎಂದು ಹೆಂಡತಿಯ ಮುಂದೆ ನನ್ನನ್ನು ಆಡಿಕೊಳ್ಳುತ್ತಾನೆ. ನಾನೂ ನಗುತ್ತೇನೆ.

ನಾನು ಸುಮ್ಮನೆ ಕೂರುವವಳಲ್ಲ. ಕೇಳಬೇಕಾದವರನ್ನೆಲ್ಲ ಕೇಳಿದೆ. ಮೊಬೈಲ್ ಅಂಗಡಿಯವನು ಲೈನು ಎಲ್ಲೋ ಕೂಡಿಕೊಂಡಿರಬೇಕು, ಬೇರೆ ಯಾರದೋ ಮಾತು ಕೇಳಿಸಿರಬೇಕು ಎಂದ. ಇರಬಹುದು. ಹವಾಲ್ದಾರರು ಗಾಬರಿಯಲ್ಲಿ ಕಿವಿ ಏನು ಬೇಕಾದರೂ ಕೇಳುತ್ತದೆ ತಾಯಿ ಎಂದರು. ಅದೂ ಇರಬಹುದು. ಆದರೆ ಮಲ್ಲುವಿನ ನಂಬರಿಗೆ ಕರೆ ಹತ್ತಿ ಮಾತಾದ ದಾಖಲೆ ನನ್ನ ಫೋನಿನಲ್ಲಿ ಇತ್ತು, ಇಬ್ಬರೂ ಕಣ್ಣಾರೆ ನೋಡಿದರು. ಆ ಟಾಕಿಯಲ್ಲಿ ಹಿಂದೆ ಯಾರಾದರೂ ಹೆಂಗಸು ಬಿದ್ದು ಸತ್ತಿದ್ದಾಳೆಯೇ ಎಂದು ಕಾಕೂ ಅವರನ್ನು ಬೆನ್ನುಬಿದ್ದು ಕೇಳಿದೆ. ಕಟ್ಟಡ ಕಟ್ಟಿದಾಗಿನಿಂದ ಇಲ್ಲಿರುವವರು ಅವರು. ದೇವರಾಣೆಗೂ ಇಲ್ಲ, ಬೆಕ್ಕು ಕೂಡ ಬಿದ್ದಿಲ್ಲ ಎಂದರು. ಹಾಗೊಂದು ಕಥೆ ಇದ್ದಿದ್ದರೆ ನನಗೆ ಎಷ್ಟೋ ಸಮಾಧಾನವಾಗುತ್ತಿತ್ತು. ಹೆಸರಿಲ್ಲದ್ದಕ್ಕೆ ಹೆದರುವುದು ಹೆಚ್ಚು ಕಷ್ಟ.

ಈಗಲೂ ಡಬ್ಬಿ ಒಯ್ಯಲು ಬಂದವರು ಕೇಳುತ್ತಾರೆ, ಬರೀ ನಂಬರಿನಿಂದ ಫೋನ್ ಎಲ್ಲಿದೆ ಎಂದು ಹಿಡಿಯಬಹುದಾ ಅಕ್ಕಾ ಎಂದು. ಆಗುವುದಿಲ್ಲ, ಪೊಲೀಸರ ಹತ್ತಿರ ಹೋಗಿ ಎಂದೇ ಹೇಳುತ್ತೇನೆ. ಗುರುವಾರ ನೀರು ಬಂದ್ ಆದರೆ ಟಾಕಿಯ ಮುಚ್ಚಳ ದಾಟದೆ ಸುತ್ತು ಹಾಕಿ ಹೋಗುತ್ತೇನೆ. ಕೆಲವೊಮ್ಮೆ ಸುತ್ತುಹಾಕುವಾಗ, ಯಾರೂ ಇಲ್ಲದ್ದು ನೋಡಿ, ಮುಚ್ಚಳದ ಕಡೆ ಕೈ ಮುಗಿಯುತ್ತೇನೆ. ಕೈ ಮುಗಿದು ಓಡಿಬಿಡುತ್ತೇನೆ, ಏಕೆಂದರೆ ಉತ್ತರ ಬಂದರೆ ನಾನು ತಡೆಯಲಾರೆ. ಅವಳು ಯಾರು, ಎಲ್ಲಿಯವಳು, ನಮ್ಮ ಮಲ್ಲು ಅವಳಿಗೆ ಏನಾಗಬೇಕು, ಒಂದೂ ಗೊತ್ತಿಲ್ಲ. ಅವಳಿಗೆ ಕನ್ನಡ ಬರುತ್ತಿರಲಿಲ್ಲ. ನನಗೆ ಗೊತ್ತಿರುವುದು ಅಷ್ಟೇ.